ಅಜ್ಜಿಯ ಚಮಚಕ್ಕೆ ಯಾವ ಎಣ್ಣೆ

೧೨ ಫೆಬ್ರವರಿ ೧೯೩೮, ಶನಿವಾರ, ಮಧ್ಯಾಹ್ನ

ಅಜ್ಜಿ ನಮ್ಮ ಮನೆಗೆ ಬರಲು ಒಪ್ಪಿದ್ದಾರೆ! ಒಲೆಯ ಮೇಲೆ ಬೇಳೆ ಕುದಿಯುತ್ತಿದೆ, ಕುದಿಯಲಿ. ಇದನ್ನು ಬರೆಯದೆ ಕೈ ನಿಲ್ಲುವುದಿಲ್ಲ.

ಬೆಳಗಿನ ರೈಲಿಗೆ ಹೊಳೆನರಸೀಪುರದಿಂದ ಇಲ್ಲಿಗೆ, ಹಾಸನಕ್ಕೆ, ದೊಡ್ಡಪ್ಪ ಬಂದಿದ್ದರು — ಪಿ.ಯ ದೊಡ್ಡಪ್ಪ ಶಾಂತರಾಜಯ್ಯನವರು, ಅಲ್ಲಿ ಜವಳಿ ಅಂಗಡಿ. ಪಿ. ಅಂದರೆ ಇವರು. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅಂತ ಅಮ್ಮ ಮೈಸೂರಿನಲ್ಲಿ ರೈಲು ಹತ್ತಿಸುವಾಗಲೂ ಹೇಳಿದಳು. ಬರೆಯಬಾರದು ಅನ್ನಲಿಲ್ಲ. ಆದರೂ ಪದ್ಮಪ್ರಸಾದ್ ಅಂತ ಪೂರ್ತಿ ಬರೆದರೆ ಕೆನ್ನೆ ಬಿಸಿಯಾಗುತ್ತದೆ. ಒಂದು ಸಲ ಬರೆದಾಯಿತು. ಇನ್ನು ಪಿ. ಸಾಕು.

ದೊಡ್ಡಪ್ಪ ಹಾಲಿನ ಲೋಟ ಕೆಳಗಿಟ್ಟು ಹೇಳಿದರು, “ಅವ್ವ ಬತ್ತಾರಂತೆ ಕಣಮ್ಮ. ಬಂದು ಇಲ್ಲೇ ಇರ್ತಾರಂತೆ. ಆದ್ರೆ ಚಮಚ ಮೊದ್ಲು, ಪಯಣ ಆಮೇಲೆ, ಅಂತ ಹೇಳಿ ಕಳ್ಸವ್ರೆ.”

ಚಮಚದ ಕಥೆ ಹೀಗೆ. ಪಿ. ಮೂರು ವರ್ಷದವರಿದ್ದಾಗ ತಂದೆ ತಾಯಿ ಇಬ್ಬರೂ ಪ್ಲೇಗಿಗೆ ಹೋದರು. ಸಾಕಿದ್ದು ಅಜ್ಜಿ. ತುತ್ತು ಮಾಡಿ ಬಾಯಿಗಿಟ್ಟ ಆ ಕೈಯ ಬೆರಳುಗಳು ಈಗ ವಾತದಿಂದ ಸೆಟೆದುಕೊಂಡಿವೆ. ಅನ್ನ ಕಲಸಲು ಆಗುವುದಿಲ್ಲ. ಹಿತ್ತಾಳೆ ಚಮಚದ ಸಣ್ಣ ಹಿಡಿ ಜಾರುತ್ತದೆ. ದೊಡ್ಡಮ್ಮ ತಿನ್ನಿಸುತ್ತಾರೆ, ಬಾಗಿಲು ಹಾಕಿಕೊಂಡು. ನಮ್ಮ ಮದುವೆಯ ದಿನ ಗೊತ್ತಿಲ್ಲದೆ ಆ ಕೋಣೆಯ ಬಾಗಿಲು ತಳ್ಳಿದೆ. ಅಜ್ಜಿ ಗೋಡೆಯ ಕಡೆ ಮುಖ ಮಾಡಿ, ಬಾಯಿ ತೆರೆದು, ತುತ್ತಿಗೆ ಕಾಯುತ್ತಿದ್ದರು. ನನ್ನನ್ನು ಕಂಡು ಬಾಯಿ ಮುಚ್ಚಿದರು. ಅವತ್ತು ಮತ್ತೆ ತೆರೆಯಲಿಲ್ಲ. ವ್ರತದವರು — ದಿನಕ್ಕೆ ಒಂದೇ ಊಟ. ಊಟದ ನಡುವೆ ಕೂದಲೋ, ಹುಳುವೋ, ಕೆಟ್ಟ ವಾಸನೆಯೋ ಅಡ್ಡ ಬಂದರೆ ಅದು ಅಂತರಾಯ. ಅಲ್ಲಿಗೆ ಕೈ ತೊಳೆದುಬಿಡುತ್ತಾರೆ. ಮಾರನೆಯ ದಿನದವರೆಗೆ ಏನೂ ಇಲ್ಲ. ಅವತ್ತಿನ ಅಂತರಾಯ ನಾನಾದೆ.

“ಮೊಮ್ಮಗನ ಮನೇಲಿ ಹಕ್ಕಿಮರಿ ಹಂಗೆ ಬಾಯಿ ತಕ್ಕೊಂಡು ಕೂರಾಕೆ ನಾನು ಬರಕ್ಕಿಲ್ಲ” ಅಂದಿದ್ದರಂತೆ ಪಿ.ಗೆ.

ಪಿ. ಹೈಸ್ಕೂಲಿನಲ್ಲಿ ಸ್ಲಾಯ್ಡ್ ಮೇಷ್ಟ್ರು, ಹುಡುಗರಿಗೆ ಮರಗೆಲಸ ಕಲಿಸುವವರು. ಹುಣಿಸೆ ಮರದಲ್ಲಿ ಒಂದು ಚಮಚ ಕೆತ್ತಿ ಒಯ್ದರು. ಬದನೆಕಾಯಿಯಷ್ಟು ದಪ್ಪ ಹಿಡಿ. ಅಜ್ಜಿಯ ಬೆರಳು ಅದನ್ನು ಹಿಡಿದವು! ಒಂದು ದಿನ ತಾವೇ ಉಂಡರು. ಮಾರನೆಯ ದಿನ ಮೂಸಿ ನೋಡಿ ವಾಪಸು ಕೊಟ್ಟರು. “ಮರ ನಿನ್ನೆ ಗಂಜಿ ಕುಡ್ದು ಇಟ್ಕೊಂಡದೆ. ನಿನ್ನೇದು ನಂಗೆ ಇವತ್ತಿಗಾಗಲ್ಲ ಮಗಾ.”

ಹಾಗಾದರೆ ಮರದ ಬಾಯಿ ಮುಚ್ಚಿಸಬೇಕು. ಅಷ್ಟೇ ತಾನೆ? ಅಜ್ಜಿ ಕೇಳಿದ್ದೂ ಅಷ್ಟೇ. ಆ ಕೆಲಸ ನನ್ನದು ಅಂತ ಪಿ.ಗೆ ಹೇಳಿಬಿಟ್ಟೆ. ಬೇಳೆ ಹತ್ತಿದ ವಾಸನೆ —


೧೫ ಫೆಬ್ರವರಿ, ಮಂಗಳವಾರ

ಎಕ್ಸ್‌ಪೆರಿಮೆಂಟ್ ಶುರು. ಪಿ. ಒಂದು ಬುಟ್ಟಿ ಚಮಚ ಕೆತ್ತಿ ಕೊಟ್ಟಿದ್ದಾರೆ. ಕೆತ್ತಿದ ಮೇಲೆ ಒಡೆದ ಗಾಜಿನ ಚೂರಿನಿಂದ ಹೆರೆಯುತ್ತಾರೆ — ಮರ ಕಾಗದದಂಥ ತೆಳು ಸಿಪ್ಪೆಯಾಗಿ ಸುರುಳಿ ಸುತ್ತಿ ಬೀಳುತ್ತದೆ. ಒಂದು ಸುರುಳಿ ನನ್ನ ಜಡೆಗೆ ಸಿಕ್ಕಿಸಿದರು. ಪಕ್ಕದ ಮನೆಯ ದಾಕ್ಷಾಯಣಮ್ಮ ಗೋಡೆಯ ಮೇಲಿನಿಂದ ನೋಡಿಬಿಟ್ಟರು. “ಮಲ್ಲಿಗೆಗೆ ಬರ ಬಂತೇನವ್ವಾ ಮೇಷ್ಟ್ರಿಗೆ?”

ಏನೂ ಹಚ್ಚದ ಚಮಚದಲ್ಲಿ ಸಾರು ಕದಡಿ, ತೊಳೆದು, ಒಣಗಿಸಿದೆ. ಬೆಳಿಗ್ಗೆ ಮರದ ನಾರು ನವಿರೆದ್ದು ತುಟಿಗೆ ತರಿತರಿ. ಮೂಸಿದರೆ ನಿನ್ನೆಯ ಇಂಗು. ಅಜ್ಜಿ ಹೇಳಿದ್ದು ಸರಿ.

ಕಾನ್ವೆಂಟಿನಿಂದ ತಂದ ಹಳೆಯ ಇಂಗ್ಲಿಷ್ ಮ್ಯಾಗಜೀನ್‌ನಲ್ಲಿ ಸಿಕ್ಕೇಬಿಟ್ಟಿತು! ಅಡಿಗೆಮನೆಯ ಮರದ ಸಾಮಾನಿಗೆ ಬಾಯಿಲ್ಡ್ ಲಿನ್ಸೀಡ್ ಆಯಿಲ್, ಅಂದರೆ ಕಾಯಿಸಿದ ಅಗಸೆ ಎಣ್ಣೆ, ಮೇಲೆ ಜೇನುಮೇಣ. ಸಂಜೆ ಪಿ. ಬರುವ ಹೊತ್ತಿಗೆ ಬಾಗಿಲಲ್ಲೇ ಓದಿ ಹೇಳಿದೆ. ಚಪ್ಪಲಿ ಬಿಡುತ್ತಾ ಅಂದರು, “ಜೇನುಮೇಣ? ಅಜ್ಜಿಗೆ?”

ನಾಚಿಕೆಯಾಯಿತು. ನಾನೂ ಜೈನರ ಮನೆಯಲ್ಲೇ ಹುಟ್ಟಿದವಳು. ನಮ್ಮಮ್ಮ ಔಷಧಿಗೂ ಜೇನು ಮುಟ್ಟುವುದಿಲ್ಲ. ನುಣುಪಾದ ಕಾಗದದ ಮೇಲೆ ಇಂಗ್ಲಿಷ್‌ನಲ್ಲಿ ಅಚ್ಚಾಗಿದ್ದರೆ ಮೇಣ ಜೇನುಹುಳುವಿನ ಮನೆ ಅನ್ನುವುದೇ ಮರೆತುಹೋಗುತ್ತದೆ. ಅರಗೂ ಹುಳುವಿನದೇ, ಅದೂ ಬೇಡ ಅಂದರು ಪಿ. ಎಣ್ಣೆ ಒಂದೇ ಉಳಿದದ್ದು. ಎಣ್ಣೆ ಗಿಡದ್ದು. ಎಣ್ಣೆಗೆ ಯಾರ ತಕರಾರು?


೧೯ ಫೆಬ್ರವರಿ, ಶನಿವಾರ

ಬಣ್ಣದ ಅಂಗಡಿಯಿಂದ ಪಿ. ಡಬ್ಬಿ ತಂದರು. ಹಚ್ಚಿದರೆ ಚಮಚ ಹೊಳೆದ ಹೊಳಪು! ಮಾವಿನ ಚಿಗುರಿನ ಬಣ್ಣ. ಎರಡೇ ದಿನಕ್ಕೆ ಗಟ್ಟಿ ಒಣಗಿತು. ನೀರು ಬಿಟ್ಟರೆ ಕೆಸುವಿನ ಎಲೆಯ ಮೇಲಿನ ಹಾಗೆ ಉರುಳಿಹೋಗುತ್ತದೆ. ಕುಣಿದೆ. ನಿಜವಾಗಿ, ಅಂಗಳದಲ್ಲಿ.

ಪಿ. ಮಾತ್ರ ಮೂಸಿದರು. ಮತ್ತೆ ಮೂಸಿದರು. “ಹೊಸ ಕಿಟಕಿ ವಾಸನೆ ಬರ್ತಿದೆ ತ್ರಿಶಲಾ.” ಸ್ಕೂಲಿನ ಕೈಪಿಡಿ ತೆಗೆದು ನೋಡಿದರು. ಅಂಗಡಿಯ ಎಣ್ಣೆಯನ್ನು ಬೇಗ ಒಣಗಲಿ ಅಂತ ಸೀಸದ ಪುಡಿ ಹಾಕಿ ಕಾಯಿಸಿರುತ್ತಾರಂತೆ. ಸೀಸ ವಿಷ.

ನನ್ನ ಮುಖ ನೋಡಿ ಕೇಳಿದರು, “ನೀನು ನೆಕ್ಕಲಿಲ್ಲ ತಾನೆ?”

“ಒಂದೇ ಸಲ.”

ಒಂದು ಚೊಂಬು ಮಜ್ಜಿಗೆ ಕುಡಿಸಿ ಎದುರಿಗೇ ಕೂತರು, ನಾನು ಯಾವ ಗಳಿಗೆಯಲ್ಲಿ ಬೀಳುತ್ತೇನೋ ಅನ್ನುವ ಹಾಗೆ. ಬೀಳಲಿಲ್ಲ. ಡಬ್ಬಿಯಲ್ಲಿ ಉಳಿದದ್ದು ಕಿಟಕಿಯ ಸರಳುಗಳಿಗೆ ಹೋಯಿತು. ಕಿಟಕಿ ಈಗ ಬಹಳ ಚೆನ್ನಾಗಿದೆ. ಆ ಚಮಚಗಳು ಒಲೆಗೂ ಬೇಡ ಅಂತ ಹಿತ್ತಲಲ್ಲಿ ಹೂತೆವು.

ಮನೆಗೆ ತರುವ ಎಣ್ಣೆ ಇನ್ನು ಮೇಲೆ ನಾವು ತಿನ್ನುವ ಎಣ್ಣೆಯೇ ಆಗಿರಬೇಕು. ಇದು ರೂಲ್ ನಂಬರ್ ಒನ್.


೨೩ ಫೆಬ್ರವರಿ, ಬುಧವಾರ, ಸಂಜೆ

ಚಂದ್ರಯ್ಯನ ಗಾಣಕ್ಕೆ ಹೋಗಿದ್ದೆ, ದಾಕ್ಷಾಯಣಮ್ಮನ ಜೊತೆ. ಎತ್ತು ಸುತ್ತುತ್ತದೆ, ಮರ ಕಿರುಗುಟ್ಟುತ್ತದೆ, ಹಿಂಡಿಯ ಘಮ — ಅಲ್ಲೇ ಇದ್ದುಬಿಡೋಣ ಅನ್ನಿಸಿತು.

ನಾಲ್ಕು ಥರದ ಎಣ್ಣೆ ಒಂದೊಂದು ಸಣ್ಣ ಶೀಸೆ ಬೇಕು ಅಂದೆ. ಚಂದ್ರಯ್ಯ ಮೀಸೆ ತಿರುವಿದ. “ನಾಕ್ಯಾಕವ್ವ? ಎಳ್ಳೆಣ್ಣೆ ತಗಂಡೋಗು. ದೇವ್ರ ದೀಪಕ್ಕೇ ಆಯ್ತದೆ, ಸೌಟಿಗೆ ಆಗಾಕಿಲ್ವಾ?”

“ಹುಚ್ಚೆಳ್ಳೆಣ್ಣೆನೂ ಕೊಡಿ.”

“ಅದು ನಮ್ಮಂತೋರ ಒಗ್ಗರಣೆಗೆ ಕಣವ್ವ. ಮೇಷ್ಟ್ರ ಮನೆಗೆ ಅದ್ಯಾಕೆ?”

ದಾಕ್ಷಾಯಣಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. “ಕೊಡಪ್ಪ. ಈ ಹುಡುಗಿ ಹುಚ್ಚಿಗೆ ಹುಚ್ಚೆಳ್ಳೇ ಸರಿ.” ಅವರ ಓಟು ಹರಳೆಣ್ಣೆಗೆ. ಅವರ ಅತ್ತೆ ಹಿಟ್ಟು ನಾದುವ ಮರಿಗೆಗೆ ವರ್ಷಕ್ಕೊಂದು ಸಲ ಅದನ್ನೇ ಉಜ್ಜುತ್ತಿದ್ದರಂತೆ. ಹರಳೆಣ್ಣೆ ಹೊಟ್ಟೆಗೆ ಹೋದರೆ ಏನಾಗುತ್ತದೆ ಅಂತ ಕೇಳಿದೆ. “ಮರಿಗೆಗೆ ಹೊಟ್ಟೆ ಎಲ್ಲೈತವ್ವ” ಅಂದರು.

ಎಳ್ಳು, ಕೊಬ್ಬರಿ, ಹರಳು, ಹುಚ್ಚೆಳ್ಳು. ಚಮಚಗಳ ಹಿಡಿಗೆ ಒಂದೊಂದು ಬಣ್ಣದ ದಾರ ಕಟ್ಟಿದೆ. ಬಟ್ಟೆಯಲ್ಲಿ ಅದ್ದಿ ತೆಳ್ಳಗೆ ಸವರಿ, ನೆಂದ ಮೇಲೆ ಮೈಮೇಲಿನದನ್ನು ಪೂರ್ತಿ ಒರೆಸಿ, ತಾರಸಿಯ ಮೇಲೆ ಬಿಸಿಲಿಗೆ. ದಿನಾ ಒಂದು ಸಲ. ಬೆಳಿಗ್ಗೆ ಬಾವಿಯ ನೀರು ಸೋಸುವುದು, ಬಟ್ಟೆಯಲ್ಲಿ ಸಿಕ್ಕ ಸಣ್ಣ ಜೀವ ಸಾಯದಿರಲಿ ಅಂತ ಅದನ್ನು ಮತ್ತೆ ಬಾವಿಯ ನೀರಿಗೇ ಜಾಲಿಸುವುದು, ಆಮೇಲೆ ನನ್ನ ನಾಲ್ಕು ಮಕ್ಕಳಿಗೆ ಎಣ್ಣೆಸ್ನಾನ. ಹೀಗೆ ಹೇಳಿದ್ದಕ್ಕೆ ಪಿ. ಕೆಂಪಾದರು.


೬ ಮಾರ್ಚ್, ಭಾನುವಾರ

ಇಷ್ಟು ದಿನ ಬರೆಯಲಿಲ್ಲ. ಬಿಸಿಲು ಒಣಗಿಸುವಾಗ ಬರೆಯಲು ಏನಿದೆ. ಇವತ್ತು ತೀರ್ಪು. ಜಡ್ಜು ಪಿ., ಕಣ್ಣು ಮುಚ್ಚಿಕೊಂಡು. ನಾನು ಮೂಗಿನ ಮುಂದೆ ಒಂದೊಂದೇ ಹಿಡಿದೆ.

ಕೊಬ್ಬರಿಯದು ಮೊದಲೇ ಹೋಯಿತು. ಕಮಟು. ಹಳೆಯ ತಲೆದಿಂಬಿನ ವಾಸನೆ ಅಂದರು. ಹರಳೆಣ್ಣೆಯದು ವಾಸನೆ ಇಲ್ಲ, ಹೊಳಪೂ ಇದೆ, ಆದರೆ ಒಣಗುವುದೇ ಇಲ್ಲ. ಬಿಸಿ ಗಂಜಿಯಲ್ಲಿ ಅದ್ದಿದರೆ ಮೇಲೆ ಎಣ್ಣೆಯ ಸಣ್ಣ ಸಣ್ಣ ಕಣ್ಣು ತೇಲಿದವು. ಎಳ್ಳೆಣ್ಣೆಯದು ಅಂಟು. ಅದರ ಕಥೆ ಬರೆಯಲು ಮನಸ್ಸಿಲ್ಲ... ತಾರಸಿಯ ಮೇಲೆ ಇರುವೆಗಳು ಅದಕ್ಕೆ ಕಚ್ಚಿಕೊಂಡು ಸತ್ತಿದ್ದವು. ಎಳ್ಳಿನಷ್ಟೇ ಸಣ್ಣವು. ಎಣ್ಣೆಗೆ ಯಾರ ತಕರಾರು ಅಂತ ಬರೆದಿದ್ದೆನಲ್ಲ, ಇರುವೆಗಳಿಗೆ ಇತ್ತು. ಊದಿದೆ, ನೀರು ಬಿಟ್ಟೆ, ಒಂದೂ ಏಳಲಿಲ್ಲ. ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ.

ಹುಚ್ಚೆಳ್ಳೆಣ್ಣೆಯದು! ಹಳದಿ ದಾರ. ಒಣಗಿದೆ, ಉಗುರಿಗೆ ಸಿಕ್ಕುವುದಿಲ್ಲ. ವಾಸನೆ ಇಲ್ಲ, ರುಚಿ ಇಲ್ಲ. ಸಾರಿನಲ್ಲಿ ರಾತ್ರಿಯಿಡೀ ಬಿಟ್ಟೆ. ತೊಳೆದರೆ ಸಾರು ಎಂದೂ ಕಂಡೇ ಇಲ್ಲ ಅನ್ನುವ ಹಾಗೆ ಸುಮ್ಮನಿದೆ. ಚಂದ್ರಯ್ಯನ ಒಗ್ಗರಣೆ ಎಣ್ಣೆ ಗೆದ್ದಿತು. ಗೋಡೆಯ ಮೇಲಿನಿಂದ ದಾಕ್ಷಾಯಣಮ್ಮನಿಗೆ ತೋರಿಸಿದೆ. ಹರಳೆಣ್ಣೆ ಸೋತದ್ದಕ್ಕೆ ಸ್ವಲ್ಪ ಬೇಜಾರು ಮಾಡಿಕೊಂಡರು, ಅತ್ತೆಯ ಪರವಾಗಿ.

ಅಜ್ಜಿಯ ನಿಜವಾದ ಚಮಚಕ್ಕೆ ಇವತ್ತೇ ಮೊದಲ ಕೈ ಹಚ್ಚಿದೆ. ಮುಂದಿನ ಭಾನುವಾರ ಇಬ್ಬರೂ ಹೊಳೆನರಸೀಪುರಕ್ಕೆ. ಮದುವೆಯ ನಂತರ ಮೊದಲ ಸಲ ನಾನು ಅಜ್ಜಿಯ ಎದುರು ನಿಲ್ಲುವುದು. ಯಾವ ಸೀರೆ?


೧೩ ಮಾರ್ಚ್, ಭಾನುವಾರ, ಸಂಜೆ, ರೈಲಿನಿಂದ ಇಳಿದು

ಬರೆಯುತ್ತೇನೆ. ಬರೆದರೆ ಕಡಿಮೆಯಾಗಬಹುದು.

ಅಜ್ಜಿ ಪಡಸಾಲೆಯಲ್ಲಿ ಕೂತಿದ್ದರು, ಬಿಳಿ ಸೀರೆ, ಗುಬ್ಬಚ್ಚಿಯಷ್ಟು. ಮದುವೆಯಲ್ಲಿ ಕಂಡದ್ದಕ್ಕಿಂತ ಇಳಿದುಹೋಗಿದ್ದಾರೆ. “ಊಟ ನಾಕೇ ತುತ್ತು. ಐದನೇದಕ್ಕೆ ಮುಖ ತಿರುಗಿಸ್ತಾರೆ” ಅಂದರು ದೊಡ್ಡಮ್ಮ, ಒಳಗೆ, ಮೆಲ್ಲಗೆ. ದೊಡ್ಡಮ್ಮನ ತಪ್ಪಲ್ಲ.

ಚಮಚ ಕೊಟ್ಟೆ. ಅಜ್ಜಿ ಹಿಡಿದರು. ಬೆರಳುಗಳು ಒಂದೊಂದಾಗಿ ಹಿಡಿಯ ಸುತ್ತ ಬಂದು ಕೂತವು. ಮೂಸಿದರು. ಕೆನ್ನೆಗೆ ಒತ್ತಿ ನೋಡಿದರು. ಬಾಯಿಗೆ ತುತ್ತಿಡುವ ಹಾಗೆ ಬರೀ ಚಮಚ ಎತ್ತಿ ಇಳಿಸಿದರು.

“ನುಣ್ಣಗದೆ. ಏನ್ ಸವರಿದ್ದೀಯವ್ವ?”

“ಹುಚ್ಚೆಳ್ಳೆಣ್ಣೆ ಅಜ್ಜಿ! ನಾಲ್ಕು ಎಣ್ಣೆ ನೋಡಿ ಆರಿಸಿದ್ದು.” ಇಷ್ಟು ಹೆಮ್ಮೆಯಿಂದ ಯಾವ ಪರೀಕ್ಷೆಯಲ್ಲೂ ಉತ್ತರ ಹೇಳಿರಲಿಲ್ಲ.

ಅಜ್ಜಿ ಚಮಚ ತೊಡೆಯ ಮೇಲಿಟ್ಟುಕೊಂಡರು. “ಮೊನ್ನೆ ಅಷ್ಟಮಿಯಿಂದ ಎಣ್ಣೆ ಬಿಟ್ಟಿದ್ದೀನಿ ಮಗಾ. ಅಕ್ಷಯ ತದಿಗೆಗಂಟ.”

ರುಚಿಯ ಪದಾರ್ಥ ಒಂದೊಂದನ್ನು ಒಂದಷ್ಟು ಕಾಲ ಬಿಡುವ ವ್ರತ. ಹೋದ ಸಲ ಉಪ್ಪು ಬಿಟ್ಟಿದ್ದರಂತೆ. ಈ ಸಲ ಎಣ್ಣೆ. ದೊಡ್ಡಮ್ಮನಿಗೆ ಗೊತ್ತು, ತುಪ್ಪದಲ್ಲೇ ಒಗ್ಗರಣೆ ಹಾಕುತ್ತಿದ್ದಾರೆ. ಚಮಚಕ್ಕೂ ಎಣ್ಣೆ ಬರುತ್ತದೆ ಅಂತ ಅವರಿಗೇನು ಗೊತ್ತು. ಅಷ್ಟಮಿಗೆ ಹೊಸ ವ್ರತ ಹಿಡಿದಿರಬಹುದೇ ಅಂತ ಕೇಳಲು ನಮಗೂ ಹೊಳೆಯಲಿಲ್ಲ.

ದೊಡ್ಡಪ್ಪ ವಾದ ಮಾಡಿದರು. “ಒಣಗಿದ ಎಣ್ಣೆ ಎಣ್ಣೆ ಹೆಂಗಾಯ್ತದವ್ವ? ಹಿಂಡಿದ್ರೆ ಒಂದ್ ತೊಟ್ಟು ಬರಕ್ಕಿಲ್ಲ. ಬಾಯಿಗೆ ಗೊತ್ತೇ ಆಗಲ್ಲ.”

“ಬಾಯಿಗೆ ಗೊತ್ತಾಗಲ್ಲ ಕಣೋ. ನಂಗೆ ಗೊತ್ತಲ್ಲ.”

ಅಲ್ಲಿಗೆ ವಾದ ಮುಗಿಯಿತು. ಆದರೆ ಚಮಚ ವಾಪಸು ಕೊಡಲಿಲ್ಲ. ಹಿಡಿದೇ ಕೂತಿದ್ದರು. ಅಕ್ಷಯ ತದಿಗೆಗೆ ಇನ್ನೂ ಒಂದೂವರೆ ತಿಂಗಳು. ದಿನಕ್ಕೆ ನಾಲ್ಕು ತುತ್ತಿನಲ್ಲಿ ಒಂದೂವರೆ ತಿಂಗಳು...

ರೈಲಿಗೆ ಹೊತ್ತಿತ್ತು. ಹೇಮಾವತಿಯ ದಡಕ್ಕೆ ಹೋಗಿ ಕೂತೆವು. ನಾನು ನೀರಿನಲ್ಲಿ ಕೈಯಾಡಿಸಿ ಒಂದು ಕಲ್ಲು ಹೆಕ್ಕಿದೆ. ಕಪ್ಪು, ಮೊಟ್ಟೆಯಷ್ಟು, ಅಜ್ಜಿಯ ಕೆನ್ನೆಯ ಹಾಗೆ ನುಣ್ಣಗೆ. ಯಾಕೆ ತಂದೆನೋ. ಬುಟ್ಟಿಯಲ್ಲಿದೆ.


೧೪ ಮಾರ್ಚ್, ಸೋಮವಾರ

ನಿನ್ನೆ ನಾನು ಸುಮ್ಮನಿದ್ದಿದ್ದರೆ? ಬರೀ “ಮರ ಅಜ್ಜಿ, ಚೆನ್ನಾಗಿ ಉಜ್ಜಿದ್ದೀವಿ” ಅಂದಿದ್ದರೆ? ಇವತ್ತು ಅಜ್ಜಿ ತಮ್ಮ ಕೈಯಲ್ಲೇ ಉಂಡಿರುತ್ತಿದ್ದರು.

ದಾಕ್ಷಾಯಣಮ್ಮ ಇದನ್ನೇ ಅಂದರು. “ಅಯ್ಯೋ, ಹೊಸದೊಂದ್ ಮಾಡಿ ತಗಂಡೋಗು. ಎಣ್ಣೆ ಅನ್ಬ್ಯಾಡ, ತುಪ್ಪ ಅನ್ನು. ಮುದುಕಿ ಹೊಟ್ಟೆ ತುಂಬದು ಮುಖ್ಯವಾ, ನಿನ್ ಸತ್ಯ ಮುಖ್ಯವಾ?”

ಪಿ.ಯನ್ನು ಕೇಳಿದೆ. ಬಹಳ ಹೊತ್ತು ಉಳಿ ಮಸೆದರು. ಆಮೇಲೆ ಅಂದರು, “ನಂಗೂ ಅದೇ ಯೋಚನೆ ಬಂತು, ರೈಲಲ್ಲಿ. ಆದ್ರೆ ಅವ್ರು ನಮ್ಮನೇಗೆ ಬರೋದು ನನ್ ಕೈ, ನಿನ್ ಕೈ ನಂಬಿ. ಆ ಕೈಯಲ್ಲೇ...” ಉಳಿಯನ್ನು ಪೆಟ್ಟಿಗೆಗೆ ಹಾಕಿದರು.

ಬೇಡ. ಹಾಗೆ ಬೇಡ.


೧೯ ಮಾರ್ಚ್, ಶನಿವಾರ

ತುಪ್ಪ ಬಿಟ್ಟಿಲ್ಲವಲ್ಲ ಅಜ್ಜಿ. ನಿಜವಾಗಿಯೇ ತುಪ್ಪ ಹಚ್ಚಿ ನೋಡಿದೆ. ಮೂರು ದಿನ ಘಮಘಮ. ಇವತ್ತು ಹಳಸಲು. ಮರ ಗಂಜಿಯನ್ನೂ ಕುಡಿಯಿತು, ತುಪ್ಪವನ್ನೂ ಕುಡಿಯಿತು, ಎರಡನ್ನೂ ಕೆಡಿಸಿತು.

ಹುಡುಗಿ ಎಲ್ಲಿ ಹೋದಳು, ಕುಣಿಯುತ್ತಿದ್ದವಳು, ಅಂತ ಪಿ. ಕೇಳಿದರು. ಬಿಸಿಲಿಗೆ ಇಟ್ಟಿದ್ದೇನೆ, ಒಣಗುತ್ತಿದ್ದಾಳೆ ಅಂದೆ.


೨೨ ಮಾರ್ಚ್, ಮಂಗಳವಾರ, ಮಧ್ಯಾಹ್ನ

ಸಿಕ್ಕಿತು! ಸಿಕ್ಕಿತು, ಮತ್ತೆ ಎಷ್ಟು ಸುಲಭ!

ದಾಕ್ಷಾಯಣಮ್ಮನ ಜೊತೆ ಮುತ್ತುಗದ ಎಲೆ ಹಚ್ಚುತ್ತಾ ಕೂತಿದ್ದೆ. ಅವರ ಮನೆಯಲ್ಲಿ ನಾಳೆ ಯಾವುದೋ ಊಟ. ಕಡ್ಡಿ ಚುಚ್ಚುವುದು ಕಲಿಸಿದರು. ನನ್ನ ಎಲೆಯ ತೂತು ನೋಡಿ, “ಇದರಲ್ಲಿ ಸಾರು ಬಡಿಸಿದ್ರೆ ನೆಲ ಉಣ್ತದೆ ಕಣವ್ವ” ಅಂದರು. ನಗುತ್ತಾ ನಗುತ್ತಾ ಹೊಳೆಯಿತು — ಎಲೆಗೆ ಯಾರೂ ಎಣ್ಣೆ ಹಚ್ಚುವುದಿಲ್ಲ. ಅದೂ ಸಾರು ಕುಡಿಯುತ್ತದೆ. ಆದರೆ ಉಂಡ ಎಲೆಯನ್ನು ಯಾರೂ ನಾಳೆಗೆ ಎತ್ತಿಡುವುದಿಲ್ಲ. ಎಲೆಗೆ ನಿನ್ನೆ ಅನ್ನುವುದೇ ಇಲ್ಲ!

ಅಜ್ಜಿಗೆ ದಿನಕ್ಕೆ ಒಂದೇ ಊಟ. ದಿನಕ್ಕೊಂದು ಹೊಸ ಚಮಚ. ಎಣ್ಣೆ ಬೇಡ, ತುಪ್ಪ ಬೇಡ, ಏನೂ ಬೇಡ. ಉಂಡ ಚಮಚ ಬಿಸಾಡುವುದೂ ಬೇಡ. ತೊಳೆದು ಒಣಗಿಸಿ ಹುಚ್ಚೆಳ್ಳೆಣ್ಣೆ ಹಚ್ಚಿಟ್ಟರೆ ನಮ್ಮ ಬಳಕೆಗೆ. ಉಳಿದದ್ದು ಆ ನವಿರು, ತುಟಿಗೆ ತರಿ. ಅದಕ್ಕೂ ಉಪಾಯ ಮಾಡಿದೆ. ಚಮಚ ಒದ್ದೆ ಮಾಡಿ, ನವಿರೆಬ್ಬಿಸಿ, ಒಣಗಿಸಿ, ಹೆರೆದು — ಹೇಮಾವತಿಯ ಕಲ್ಲಿನಿಂದ ತಿಕ್ಕಿದೆ. ಒತ್ತಿ ತಿಕ್ಕಿದರೆ ಮರ ತಾನಾಗಿ ಹೊಳೆಯುತ್ತದೆ. ಎಣ್ಣೆ ಹಚ್ಚಿದ ಹಾಗಲ್ಲ; ತಲೆಸ್ನಾನ ಮಾಡಿದ ಮಗುವಿನ ಹಾಗೆ. ಯಾಕೆ ತಂದೆನೋ ಅಂದಿದ್ದ ಕಲ್ಲು.

ಪಿ. ಸ್ಕೂಲಿನಿಂದ ಬಂದಾಗ ಹೇಳಬೇಕು. ಗಡಿಯಾರ ಸತ್ತಿದೆಯೋ ಏನೋ, ಓಡುತ್ತಲೇ ಇಲ್ಲ.


೨೭ ಮಾರ್ಚ್, ಭಾನುವಾರ, ಹೊತ್ತು ಮುಳುಗುವ ಮೊದಲು

ಪಿ. ಒಬ್ಬರೇ ಹೋದರು, ಬೆಳಿಗ್ಗೆ, ಮೂರು ಬರಿ ಚಮಚ ತೆಗೆದುಕೊಂಡು. ನಾನು ಬೇಡ ಅಂದುಕೊಂಡೆ. ಅಜ್ಜಿ ಊಟಕ್ಕೆ ಕೂರುವಾಗ ಮತ್ತೆ ಬಾಗಿಲಲ್ಲಿ ನಾನು ನಿಲ್ಲಬಾರದು.

ನಾಲ್ಕು ಗಂಟೆಗೇ ಅಡಿಗೆ ಮುಗಿಸಿ ಬಾಗಿಲಲ್ಲಿ ನಿಂತೆ. ದೂರದಿಂದಲೇ ನಡಿಗೆಯಲ್ಲಿ ಗೊತ್ತಾಯಿತು.

“ಉಂಡರು” ಅಂದರು. ಕೂತು, ನೀರು ಕುಡಿದು, ಮತ್ತೆ ಅಂದರು, “ಪಡಸಾಲೇಲಿ ಉಂಡ್ರು ತ್ರಿಶಲಾ. ಬಾಗಿಲು ತೆಕ್ಕೊಂಡು. ಎಲ್ಲರ ಎದುರಿಗೆ.” ತುತ್ತು ಎಣಿಸಿದಿರಾ ಅಂತ ಕೇಳಿದೆ. ಎಣಿಸಲು ಕಣ್ಣು ಕಾಣಲಿಲ್ಲ ಅಂದರು.

ಆದರೆ ದಿನಕ್ಕೊಂದು ಅನ್ನುವುದಕ್ಕೆ ಅಜ್ಜಿ ಒಪ್ಪಲಿಲ್ಲ. “ನನ್ನೊಂದ್ ಬಾಯಿಗೆ ದಿನಕ್ಕೊಂದಾ? ಮರಕ್ಕೂ ಹಿಂಸೆ, ನಿನ್ ಕೈಗೂ ಹಿಂಸೆ.” ಪಿ. ಚಮಚಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರಂತೆ. ಒಂದು ಚಮಚದ ಅಂಚಿನಲ್ಲಿ ಸಣ್ಣ ಸಿಬಿರು ಕಂಡಿತು. ಜೇಬಿನಿಂದ ಗಾಜಿನ ಚೂರು ತೆಗೆದು ಹೆರೆದರು. ಸುರುಳಿ ಅಜ್ಜಿಯ ಮಡಿಲಿಗೆ ಬಿತ್ತು. ಅಜ್ಜಿ ಅದನ್ನು ಎತ್ತಿ ಬೆಳಕಿಗೆ ಹಿಡಿದರು.

“ಈ ಕೆಳಗಿನ ಮರ ಇನ್ನೂ ಏನೂ ಕುಡ್ದಿಲ್ಲ, ಅಲ್ವೇನೋ?”

“ಇಲ್ಲ ಅಜ್ಜಿ. ಈಗ ಹೊರಗೆ ಬಂತು.”

“ಹಂಗಾದ್ರೆ ದಿನಾ ಬೆಳಿಗ್ಗೆ ಒಂದ್ ಸಿಪ್ಪೆ ತೆಗೆದ್ರೆ ದಿನಾ ಹೊಸ್ದೇ.”

ಎರಡೇ ಚಮಚ ಸಾಕಂತೆ, ಒಂದು ಒಣಗುವಾಗ ಇನ್ನೊಂದು. ಎಣ್ಣೆ ಹಚ್ಚಿದ್ದನ್ನು ಹಾಸಿಗೆಯ ಪಕ್ಕ ಇಟ್ಟುಕೊಂಡಿದ್ದಾರೆ. ಅಕ್ಷಯ ತದಿಗೆಯ ದಿನ ಅದರಲ್ಲೇ ಊಟವಂತೆ.

ಇಷ್ಟೆಲ್ಲ ಆದ ಮೇಲೆ ಬರುವ ಮಾತು ಎತ್ತಲಿಲ್ಲವಂತೆ. ಪಿ.ಯೂ ಕೇಳಲಿಲ್ಲ. ಹೆರೆಯುವುದನ್ನು ದೊಡ್ಡಪ್ಪನಿಗೆ ತೋರಿಸಿಕೊಟ್ಟು ಬಂದರಂತೆ. ಉಂಡರಲ್ಲ, ಅಷ್ಟು ಸಾಕು ಅಂದುಕೊಳ್ಳಬೇಕು. ಅಂದುಕೊಳ್ಳುತ್ತಿದ್ದೇನೆ.


೩೦ ಮಾರ್ಚ್, ಬುಧವಾರ

ಯುಗಾದಿಗೆ ಮನೆ ತೊಳೆಯುತ್ತಿದ್ದೆ. ಸೀರೆ ಎತ್ತಿ ಕಟ್ಟಿ, ಕೈತುಂಬ ಕೆಮ್ಮಣ್ಣು. ದೊಡ್ಡಪ್ಪ! ಬೆರಳಿಗೆ ಬಟ್ಟೆ ಸುತ್ತಿಕೊಂಡು.

“ಇದೇನು ದೊಡ್ಡಪ್ಪ?”

“ಗಾಜು. ನಂಗೆ ಬರೋದು ಕತ್ತರಿ ಕಣಮ್ಮ. ಒಂದ್ ದಿನ ಹೆರೆದೆ, ಎರಡ್ನೇ ದಿನ ಬೆರಳೇ ಹೆರೆದುಬುಟ್ಟೆ. ಚಮಚದ ಮೇಲೆ ರಕ್ತ. ಅವತ್ತಿಗೆ ಊಟ ಇಲ್ಲ ಅವ್ವಂಗೆ.”

ನನಗೆ ಅಳು ಬಂತು. ದೊಡ್ಡಪ್ಪ ಮಾತ್ರ ನಗುತ್ತಿದ್ದರು. ಕೂತು, ಬಟ್ಟೆ ಸುತ್ತಿದ ಬೆರಳು ಎತ್ತಿ ಹಿಡಿದು, ಅಜ್ಜಿಯ ದನಿಯಲ್ಲೇ ಹೇಳಿದರು, “‘ಹೆರೆಯೋನು ಹಾಸನದಲ್ಲಿ, ಉಣ್ಣೋಳು ಹೊಳೆನರಸೀಪುರದಲ್ಲಿ. ಚಮಚ ದಿನಾ ರೈಲು ಹತ್ತಾಕಾಯ್ತದಾ? ಚಮಚದ ಬದಲು ನಾನೇ ಹತ್ತೀನಿ’ ಅಂದ್ರು.”

ಕೆಮ್ಮಣ್ಣಿನ ಕೈಯಲ್ಲೇ ಅವರ ಕಾಲು ಮುಟ್ಟಿದೆ. ಪಂಚೆಯ ಮೇಲೆ ಐದು ಬೆರಳು ಮೂಡಿದವು.

“ಇನ್ನೊಂದ್ ಮಾತು” ಅಂದರು. “ನಾನು ಹೆದರಿಸ್ದೆ — ಅವ್ವ, ಅದು ಇಂಗ್ಲಿಷ್ ಕಲ್ತ ಹುಡುಗಿ, ನೀರು ಸೋಸ್ತಾಳೋ ಇಲ್ವೋ, ಅಡಿಗೆ ಹೆಂಗೋ, ನೋಡ್ಕೊಂಡು ಹೋಗು ಅಂತ. ಅದಕ್ಕೆ ಏನಂದ್ರು ಗೊತ್ತಾ? ‘ಎಣ್ಣೆ ಸವರಿದ್ದೀನಿ ಅಂತ ಕೇಳಿದ ತಕ್ಷಣ ಹೇಳಿದ್ಲಲ್ಲೋ ಆ ಮಗು. ಮುಚ್ಚಿಡಬೋದಾಗಿತ್ತು. ಅವಳ ಕೈ ಅಡಿಗೇನ ನಾನು ಮೂಸಿ ನೋಡಾಕಿಲ್ಲ.’”

ಅಷ್ಟು ಹೊತ್ತೂ ಗೋಡೆಯ ಆಚೆ ಒನಕೆ ಸದ್ದು ನಿಂತಿತ್ತು. ದಾಕ್ಷಾಯಣಮ್ಮನ ದನಿ ಬಂತು. “ಕೇಳಿಸ್ತು ಕಣವ್ವ. ನಂದೇ ತಪ್ಪು ಲೆಕ್ಕ.” ಮತ್ತೆ ಒನಕೆ ಶುರುವಾಯಿತು.

ಇವತ್ತೇ ಕೋಣೆ ಸಾರಿಸಬೇಕು. ಸೋಸುವ ಬಟ್ಟೆ ಹೊಸದು ಹೊಲಿಯಬೇಕು. ಪಡಸಾಲೆಯಲ್ಲೇ ಮಣೆ ಹಾಕುತ್ತೇನೆ, ಬಾಗಿಲ ಎದುರಿಗೆ. ಗಾಜಿನ ಚೂರು, ಹೇಮಾವತಿಯ ಕಲ್ಲು ಎರಡೂ ಕಿಟಕಿಯಲ್ಲಿವೆ, ಆ ಸುಂದರ ಕಿಟಕಿಯಲ್ಲಿ. ಪಿ.ಗೆ ಇನ್ನೂ ಗೊತ್ತಿಲ್ಲ! ಸ್ಕೂಲಿನ ಗಂಟೆ ಈಗ ಹೊಡೆಯಿತು. ಬೀದಿಯ ತಿರುವಿನಲ್ಲೇ ಕೂಗಿ ಹೇಳಿಬಿಡುತ್ತೇನೆ, ಯಾರು ನೋಡಿದರೂ ಸರಿ — ಅಜ್ಜಿ ಬೆಳಗಿನ ಗಾಡಿಯೇ ಬೇಕು ಅಂದಿದ್ದಾರಂತೆ, ಆ ದಿನದ ಒಂದು ಊಟ ನಮ್ಮ ಮನೆಯದೇ ಆಗಬೇಕಂತೆ — ಭಾನುವಾರ, ಮೂರನೇ ತಾರೀಖು, ಮೈಸೂರಿನಿಂದ ಬರುವ ಮೊದಲ ಪ್ಯಾಸೆಂಜರ್ ರೈಲಿಗೆ. ಅಗೋ, ಪಿ. ಬಂದರು —